ಡೊಮೇನ್ ಸಿಕ್ಕಿತು ಅಂದಮಾತ್ರಕ್ಕೆ ಹೆಸರು ನಿಮ್ಮದಾಗುವುದಿಲ್ಲ

ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸವಾಗುವ ಹೆಸರು, ಮಾರುವ ಯಾವುದಾದರೂ ವೆಬ್‌ಸೈಟಿಗೆ ಹೋಗಿ. ಹೆಸರಾಂತ ಬ್ರ್ಯಾಂಡ್ ಒಂದರ ಹೆಸರಿನ ಜೊತೆ ‘ರಿಪೇರಿ’, ‘ಹೆಲ್ಪ್’, ‘ಸ್ಟೋರ್’ ಅಂತ ಏನಾದರೂ ಸೇರಿಸಿ ಹುಡುಕಿ. ಸಾಕಷ್ಟು ಸಲ ‘ಲಭ್ಯವಿದೆ’ ಅನ್ನುವ ಉತ್ತರವೇ ಬರುತ್ತದೆ. ದುಡ್ಡು ಕಟ್ಟಿದರೆ ಕೆಲವೇ ನಿಮಿಷದಲ್ಲಿ ಅದು ನಿಮ್ಮ ಖಾತೆಯಲ್ಲಿರುತ್ತದೆ. ಯಾರೂ ತಡೆಯುವುದಿಲ್ಲ, ಯಾರೂ ಏನೂ ಕೇಳುವುದಿಲ್ಲ. ಬಹಳ ಜನ ಇದನ್ನೇ ಅನುಮತಿ ಅಂದುಕೊಂಡು ಮುಂದುವರಿಯುತ್ತಾರೆ.

ಅದು ಅನುಮತಿ ಅಲ್ಲ. ರಿಜಿಸ್ಟ್ರಾರ್, ಅಂದರೆ ಡೊಮೇನ್ ಮಾರಿ ನೋಂದಾಯಿಸುವ ಸಂಸ್ಥೆ, ನೋಡುವುದು ಒಂದೇ ವಿಷಯ: ಅದೇ ಅಕ್ಷರಗಳ ಹೆಸರನ್ನು ಬೇರೆ ಯಾರಾದರೂ ಆಗಲೇ ತೆಗೆದುಕೊಂಡಿದ್ದಾರಾ ಅಂತ. ಟ್ರೇಡ್‌ಮಾರ್ಕ್ ದಾಖಲೆಗಳನ್ನು ಅದು ತೆರೆದು ನೋಡುವುದೇ ಇಲ್ಲ. ನೋಡುವ ಹೊಣೆ ಕೊಳ್ಳುವವರದ್ದು. ‘ಈ ಹೆಸರಿನಿಂದ ಬೇರೆಯವರ ಹಕ್ಕಿಗೆ ಧಕ್ಕೆ ಆಗುವುದಿಲ್ಲ’ ಎಂದು ನಾವೇ ಮಾತು ಕೊಡುವ ಸಾಲು ನೋಂದಣಿಯ ಷರತ್ತುಗಳಲ್ಲಿ ಇರುತ್ತದೆ. ಓದದೆ ‘ಒಪ್ಪಿದೆ’ ಅಂತ ಒತ್ತುವ ಷರತ್ತುಗಳಲ್ಲಿ ಇದೂ ಒಂದು.

ಈ ವಿಷಯದಲ್ಲಿ ನನಗೆ ಕಾಳಜಿ ಇರುವುದು ಮೋಸಗಾರರ ಬಗ್ಗೆ ಅಲ್ಲ. ಹೆಸರು ಕದ್ದು ಮಾರುವವರು ಸೋಲಿಗೆ ಸಿದ್ಧರಾಗಿಯೇ ಇರುತ್ತಾರೆ. ಒಂದು ಡೊಮೇನ್ ಹೋದರೆ ಇನ್ನೊಂದು ತೆಗೆದುಕೊಳ್ಳುತ್ತಾರೆ. ನಿಜವಾದ ಪೆಟ್ಟು ಬೀಳುವುದು ಪ್ರಾಮಾಣಿಕವಾಗಿ ಕೆಲಸ ಮಾಡುವವರಿಗೆ. ಒಂದು ಕಂಪನಿಯ ಕ್ಯಾಮೆರಾ ರಿಪೇರಿ ಮಾಡುವವರು, ಒಂದು ಸಾಫ್ಟ್‌ವೇರ್ ಬಗ್ಗೆ ಪಾಠ ಬರೆಯುವವರು, ಒಂದು ಬ್ರ್ಯಾಂಡ್‌ನ ಅಭಿಮಾನಿಗಳು. ಇವರು ವರ್ಷಗಟ್ಟಲೆ ಕಷ್ಟಪಟ್ಟು ಸೈಟ್ ಬೆಳೆಸುತ್ತಾರೆ. ಅಷ್ಟು ಕಾಲ ಸುಮ್ಮನಿದ್ದ ಕಂಪನಿಯಿಂದ ಒಂದು ದಿನ ನೋಟಿಸ್ ಬರುತ್ತದೆ. ಸೈಟ್ ಬೆಳೆದಷ್ಟೂ ಕಂಪನಿಯ ಕಣ್ಣಿಗೆ ಬೀಳುವ ಸಾಧ್ಯತೆ ಜಾಸ್ತಿ. ಕಳೆದುಕೊಳ್ಳುವುದೂ ಅಷ್ಟೇ ಜಾಸ್ತಿ.

ನಿಯಮಗಳು ಬಂದ ದಾರಿ

1994ರಲ್ಲಿ ದೊಡ್ಡ ಕಂಪನಿಗಳಿಗೇ ಡೊಮೇನ್ ಅಂದರೆ ಏನು ಅಂತ ಸರಿಯಾಗಿ ಗೊತ್ತಿರಲಿಲ್ಲ. ಆ ವರ್ಷ ಅಮೆರಿಕದ ಪತ್ರಕರ್ತ ಜೋಶುವಾ ಕ್ವಿಟ್ನರ್ ಮೆಕ್‌ಡೊನಾಲ್ಡ್ಸ್.ಕಾಮ್ ಅನ್ನು ತಮ್ಮ ಹೆಸರಿಗೆ ನೋಂದಾಯಿಸಿಕೊಂಡು, ಅದೆಷ್ಟು ಸುಲಭ ಎಂದು ಪತ್ರಿಕೆಯಲ್ಲಿ ಬರೆದರು. ಕೊನೆಗೆ ಒಂದು ಶಾಲೆಗೆ ಕಂಪ್ಯೂಟರ್ ಸೌಲಭ್ಯ ಕೊಡಿಸಿ ಡೊಮೇನ್ ಬಿಟ್ಟುಕೊಟ್ಟರು. ಅವರು ಮಾಡಿದ್ದು ವಿಷಯ ತೋರಿಸಿಕೊಡಲು. ಅದನ್ನೇ ವ್ಯಾಪಾರ ಮಾಡಿಕೊಂಡವರು ಬೇಗನೆ ಬಂದರು.

ಅಮೆರಿಕದ ಡೆನಿಸ್ ಟೋಪನ್ ಪ್ರಕರಣ ಪ್ರಸಿದ್ಧ. ಸಿನಿಮಾ ಕ್ಯಾಮೆರಾ ಕಂಪನಿ ಪ್ಯಾನಾವಿಷನ್‌ನ ಹೆಸರನ್ನು ಆತ ಡೊಮೇನ್ ಆಗಿ ತೆಗೆದುಕೊಂಡಿದ್ದ. ಸೈಟಿನಲ್ಲಿ ಇಲಿನಾಯ್ ರಾಜ್ಯದ ಪೇನಾ ಎಂಬ ಊರಿನ ಫೋಟೋಗಳನ್ನು ಹಾಕಿದ್ದ. ಹೆಸರು ಬಿಟ್ಟುಕೊಡಲು 13,000 ಡಾಲರ್ ಕೇಳಿದ. ಊರಿನ ಫೋಟೋಗಳ ನೆಪ ಕೋರ್ಟಿನಲ್ಲಿ ನಿಲ್ಲಲಿಲ್ಲ. 1998ರಲ್ಲಿ ಮೇಲ್ಮನವಿ ನ್ಯಾಯಾಲಯ ಕಂಪನಿಯ ಪರ ತೀರ್ಪು ಕೊಟ್ಟಿತು. ಅದೇ ವರ್ಷ ಇಂಗ್ಲೆಂಡಿನಲ್ಲೂ ‘ಒನ್ ಇನ್ ಎ ಮಿಲಿಯನ್’ ಎಂಬ ಸಂಸ್ಥೆ ಸೋತಿತು. ಮಾರ್ಕ್ಸ್ ಅಂಡ್ ಸ್ಪೆನ್ಸರ್, ಸೇನ್ಸ್‌ಬರಿ ಮುಂತಾದ ಪ್ರಸಿದ್ಧ ಕಂಪನಿಗಳ ಹೆಸರುಗಳನ್ನು ಅದು ಸಾಲಾಗಿ ನೋಂದಾಯಿಸಿಕೊಂಡಿತ್ತು. ಇಂಥ ಹೆಸರುಗಳನ್ನು ಕೈಯಲ್ಲಿಟ್ಟುಕೊಳ್ಳುವುದೇ ವಂಚನೆಯ ಸಾಧನ ಇಟ್ಟುಕೊಂಡಂತೆ ಎಂದು ಅಲ್ಲಿನ ನ್ಯಾಯಾಲಯ ನೋಡಿತು.

ಪ್ರತಿ ಹೆಸರಿಗೂ ಕೋರ್ಟಿಗೆ ಹೋಗುವುದು ಕಂಪನಿಗಳಿಗೂ ಸಾಧ್ಯವಿರಲಿಲ್ಲ. ಹಾಗಾಗಿ 1999ರಲ್ಲಿ ಎರಡು ಬದಲಾವಣೆ ಆದವು. ಡೊಮೇನ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕಾನ್ ಸಂಸ್ಥೆ ‘ಯುಡಿಆರ್‌ಪಿ’ ಎಂಬ ವ್ಯಾಜ್ಯ ನಿಯಮ ತಂದಿತು. ಹೆಸರು ಕಬಳಿಸುವವರ ವಿರುದ್ಧ ಅಮೆರಿಕ ಪ್ರತ್ಯೇಕ ಕಾನೂನು ಮಾಡಿತು. ಇಂದಿಗೂ ಡೊಮೇನ್ ಜಗಳಗಳು ಹೆಚ್ಚಾಗಿ ನಡೆಯುವುದು ಇವುಗಳ ಅಡಿಯಲ್ಲೇ. ಇಂಥ ದೂರುಗಳನ್ನು ವಿಚಾರಿಸುವ ಸಂಸ್ಥೆಗಳಲ್ಲಿ ಒಂದಾದ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ, ಅಂದರೆ ವೈಪೋ, ಒಂದಕ್ಕೇ 2023ರಲ್ಲಿ 6,192 ಡೊಮೇನ್ ದೂರುಗಳು ಬಂದಿದ್ದವು.

ಯುಡಿಆರ್‌ಪಿ ನಿಮಗೂ ಅನ್ವಯಿಸುತ್ತದಾ ಅಂತ ಅನುಮಾನ ಬೇಡ. ಕಾಮ್, ನೆಟ್, ಆರ್ಗ್ ಮತ್ತು ಹೊಸ ಸಾಮಾನ್ಯ ಡೊಮೇನ್‌ಗಳನ್ನು ಯಾವ ದೇಶದಲ್ಲಿ ಕೂತು ಕೊಂಡರೂ ನೋಂದಣಿ ಒಪ್ಪಂದದ ಮೂಲಕ ನೀವು ಅದನ್ನು ಒಪ್ಪಿಕೊಂಡಿರುತ್ತೀರಿ.

ಮೂರು ಪ್ರಶ್ನೆಗಳು

ದೂರು ಕೊಟ್ಟ ಕಂಪನಿ ಮೂರು ವಿಷಯ ಸಾಬೀತು ಮಾಡಬೇಕು. ಡೊಮೇನ್ ತನ್ನ ಟ್ರೇಡ್‌ಮಾರ್ಕಿಗೆ ಗೊಂದಲ ಆಗುವಷ್ಟು ಹೋಲುತ್ತದೆ. ಕೊಂಡವರಿಗೆ ಆ ಹೆಸರಿನ ಮೇಲೆ ನ್ಯಾಯವಾದ ಹಕ್ಕಾಗಲಿ ಹಿತಾಸಕ್ತಿಯಾಗಲಿ ಇಲ್ಲ. ಡೊಮೇನ್ ಅನ್ನು ದುರುದ್ದೇಶದಿಂದ ನೋಂದಾಯಿಸಿ, ದುರುದ್ದೇಶದಿಂದಲೇ ಬಳಸಲಾಗುತ್ತಿದೆ. ಮೂರೂ ಸಾಬೀತಾಗಬೇಕು, ಒಂದು ಬಿದ್ದರೂ ದೂರು ಬೀಳುತ್ತದೆ.

ಮೊದಲನೆಯದನ್ನು ದಾಟುವುದು ಕಂಪನಿಗೆ ಸುಲಭ. ಡೊಮೇನ್ ನೋಡಿದಾಗ ಬ್ರ್ಯಾಂಡ್ ಹೆಸರು ಗುರುತು ಸಿಕ್ಕರೆ ಬಹುತೇಕ ಸಾಕು. ಮುಂದೆ ಹಿಂದೆ ಪದ ಸೇರಿಸಿದರೆ ಬಚಾವ್ ಅನ್ನುವುದು ತಪ್ಪು ಕಲ್ಪನೆ. ನಡುವೆ ಅಡ್ಡಗೆರೆ ಹಾಕಿದರೂ, ಒಂದು ಅಕ್ಷರ ಬದಲಿಸಿದರೂ, ಕಾಮ್ ಬದಲು ಬೇರೆ ಬಾಲ ಹಚ್ಚಿದರೂ ಈ ಹಂತದಲ್ಲಿ ಉಪಯೋಗವಿಲ್ಲ. ನಿಜವಾದ ವಾದ ಇರುವುದು ಉಳಿದ ಎರಡರಲ್ಲಿ.

ಎರಡನೆಯ ಪ್ರಶ್ನೆಗೆ ಉತ್ತರ ಕೊಡಲು ನಿಮಗೆ ಕೆಲವು ದಾರಿಗಳಿವೆ. ವ್ಯಾಜ್ಯದ ಸುದ್ದಿ ಬರುವ ಮೊದಲೇ ಆ ಹೆಸರಿನಲ್ಲಿ ಪ್ರಾಮಾಣಿಕವಾಗಿ ವ್ಯವಹಾರ ನಡೆಸುತ್ತಿದ್ದಿರಿ, ಅಥವಾ ಅದಕ್ಕೆ ತಯಾರಿ ಮಾಡಿದ್ದಿರಿ ಎಂದು ತೋರಿಸಬಹುದು. ಆ ಹೆಸರಿನಿಂದಲೇ ಜನ ನಿಮ್ಮನ್ನು ಗುರುತಿಸುತ್ತಾರೆ ಎಂದು ತೋರಿಸಬಹುದು. ಲಾಭದ ಉದ್ದೇಶವಿಲ್ಲದೆ ನ್ಯಾಯವಾಗಿ ಬಳಸುತ್ತಿದ್ದೀರಿ ಎಂದೂ ಹೇಳಬಹುದು. ಇದಕ್ಕೆಲ್ಲ ದಾಖಲೆ ಬೇಕು. ಬರೀ ಮಾತು ಸಾಲದು.

ಮೂರನೆಯದು ಉದ್ದೇಶದ ಪ್ರಶ್ನೆ. ಬ್ರ್ಯಾಂಡ್ ಪ್ರಸಿದ್ಧವಾದಷ್ಟೂ ಇಲ್ಲಿ ನಿಮ್ಮ ಸ್ಥಿತಿ ಕಷ್ಟ. ಜಗತ್ತಿಗೆಲ್ಲ ಗೊತ್ತಿರುವ ಹೆಸರು ‘ನನಗೆ ಗೊತ್ತಿರಲಿಲ್ಲ’ ಅಂದರೆ ಯಾರು ನಂಬುತ್ತಾರೆ? ಸಾಮಾನ್ಯ ಟ್ರೇಡ್‌ಮಾರ್ಕಿಗೆ ಅದು ನೋಂದಣಿಯಾದ ಸರಕು, ಸೇವೆಗಳ ವರ್ಗದಲ್ಲಿ ಮಾತ್ರ ಬಲ ಇರುತ್ತದೆ. ಅಂತರರಾಷ್ಟ್ರೀಯವಾಗಿ ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಿದ್ದಾರೆ. ಹಾಗಾಗಿಯೇ ಡೆಲ್ಟಾ ಎಂಬ ಒಂದೇ ಹೆಸರಿನಲ್ಲಿ ವಿಮಾನ ಕಂಪನಿಯೂ ಇದೆ, ನಲ್ಲಿ ಕಂಪನಿಯೂ ಇದೆ. ಆದರೆ ಬಹಳ ಪ್ರಸಿದ್ಧ ಹೆಸರುಗಳಿಗೆ ಈ ಗೆರೆ ದಾಟಿದ ರಕ್ಷಣೆ ಸಿಗುತ್ತದೆ. ‘ನಾನು ಬೇರೆಯೇ ವಸ್ತು ಮಾರುತ್ತೇನೆ’ ಅನ್ನುವ ವಾದ ಅಲ್ಲಿ ಸಪ್ಪೆಯಾಗುತ್ತದೆ.

ಡೊಮೇನ್ ಖಾಲಿ ಬಿಟ್ಟರೆ ‘ಬಳಸುತ್ತಲೇ ಇಲ್ಲ’ ಅನ್ನಬಹುದಲ್ವಾ? 2000ದಲ್ಲಿ ಆಸ್ಟ್ರೇಲಿಯಾದ ಟೆಲಿಫೋನ್ ಕಂಪನಿ ಟೆಲ್‌ಸ್ಟ್ರಾದ ಪ್ರಕರಣದಲ್ಲಿ ಇದೇ ಪ್ರಶ್ನೆ ಬಂತು. ಸೈಟಿನಲ್ಲಿ ಏನೂ ಇರಲಿಲ್ಲ. ಆದರೂ ಹೆಸರಿನ ಪ್ರಸಿದ್ಧಿ, ಕೊಂಡವರು ತಮ್ಮ ಗುರುತು ಮುಚ್ಚಿಟ್ಟ ರೀತಿ, ಅದನ್ನು ನ್ಯಾಯವಾಗಿ ಬಳಸುವ ಯಾವ ದಾರಿಯೂ ಕಾಣದಿರುವುದು, ಎಲ್ಲವನ್ನೂ ಸೇರಿಸಿ ನೋಡಿ ಸುಮ್ನೆ ಹಿಡಿದಿಟ್ಟುಕೊಂಡದ್ದೂ ದುರುದ್ದೇಶದ ಬಳಕೆಯೇ ಎಂದು ತೀರ್ಮಾನವಾಯಿತು. ಆ ತೀರ್ಪನ್ನು ಈಗಲೂ ಉಲ್ಲೇಖಿಸುತ್ತಾರೆ. ಖಾಲಿ ಡೊಮೇನ್‌ನಲ್ಲಿ ರಿಜಿಸ್ಟ್ರಾರ್ ತಾನಾಗಿಯೇ ಜಾಹೀರಾತು ಹಾಕಿದ್ದರೂ ಹೊಣೆ ಡೊಮೇನ್ ಯಾರ ಹೆಸರಲ್ಲಿದೆಯೋ ಅವರದ್ದೇ.

ಇಲ್ಲಿ ಒಂದು ಮುಖ್ಯ ಮಾತು. ಬ್ರ್ಯಾಂಡ್ ಹೆಸರು ಡೊಮೇನ್‌ನಲ್ಲಿ ಇದ್ದರೆ ಹುಡುಕಾಟದಲ್ಲಿ ಮೇಲೆ ಬರಬಹುದು, ಜನ ಜಾಸ್ತಿ ಬರುತ್ತಾರೆ ಅನ್ನುವ ಲೆಕ್ಕಾಚಾರದಿಂದ ಎಷ್ಟೋ ಜನ ಇಂಥ ಹೆಸರು ಕೊಳ್ಳುತ್ತಾರೆ. ಹೀಗೆ ಕೊಳ್ಳಿ ಎಂದು ಸಲಹೆ ಕೊಡುವವರೂ ಇದ್ದಾರೆ. ಆದರೆ ಯುಡಿಆರ್‌ಪಿ ನಿಯಮದಲ್ಲಿ ದುರುದ್ದೇಶಕ್ಕೆ ಕೊಟ್ಟಿರುವ ಉದಾಹರಣೆಗಳಲ್ಲಿ ಒಂದು ಇದಕ್ಕೆ ತೀರಾ ಹತ್ತಿರ: ಬೇರೆಯವರ ಟ್ರೇಡ್‌ಮಾರ್ಕ್ ಜೊತೆ ಗೊಂದಲ ಹುಟ್ಟಿಸಿ, ಹಣದ ಲಾಭಕ್ಕಾಗಿ ಜನರನ್ನು ತನ್ನ ಸೈಟಿಗೆ ಸೆಳೆಯುವುದು. ಬ್ರ್ಯಾಂಡ್ ಹುಡುಕಿ ಬಂದ ಜನರಿಂದ ದುಡ್ಡು ಮಾಡುವುದು ನಿಮ್ಮ ಯೋಜನೆಯಾಗಿದ್ದರೆ, ಆ ಯೋಜನೆಯೇ ನಿಮ್ಮ ವಿರುದ್ಧದ ಸಾಕ್ಷಿ.

ಅದೇ ಬ್ರ್ಯಾಂಡ್‌ನ ವಸ್ತು ಮಾರುವವರು, ರಿಪೇರಿ ಮಾಡುವವರು

ಈ ಭಾಗ ನಿಜಕ್ಕೂ ಕಷ್ಟದ್ದು. ಅಸಲಿ ವಸ್ತುವನ್ನೇ ಮಾರುತ್ತಿದ್ದೀರಿ. ಏನು ಮಾರುತ್ತೀರಿ ಎಂದು ಹೇಳಬೇಕಾದರೆ ಬ್ರ್ಯಾಂಡ್ ಹೆಸರು ಬಳಸಲೇಬೇಕು. ಡೊಮೇನ್‌ನಲ್ಲೂ ಬಳಸಬಹುದಾ?

ಪ್ರಿಂಟರ್ ಕಂಪನಿ ಓಕಿ ಡೇಟಾದ 2001ರ ಪ್ರಕರಣದಲ್ಲಿ ಇದಕ್ಕೊಂದು ಅಳತೆ ಸಿಕ್ಕಿತು. ಆ ಕಂಪನಿಯ ಅಧಿಕೃತ ಮಾರಾಟಗಾರರೊಬ್ಬರು ‘ಓಕಿಡೇಟಾಪಾರ್ಟ್ಸ್’ ಎಂಬ ಡೊಮೇನ್ ಇಟ್ಟುಕೊಂಡಿದ್ದರು. ಅವರೇ ಗೆದ್ದರು. ಆದರೆ ತೀರ್ಪು ಷರತ್ತುಗಳನ್ನು ಹಾಕಿತು. ಸೈಟಿನಲ್ಲಿ ಆ ಬ್ರ್ಯಾಂಡ್‌ನ ವಸ್ತು ನಿಜವಾಗಿ ಮಾರಾಟಕ್ಕಿರಬೇಕು. ಅದೇ ಬ್ರ್ಯಾಂಡ್‌ನ ವಸ್ತು ಮಾತ್ರ ಇರಬೇಕು, ಅದರ ಹೆಸರು ತೋರಿಸಿ ಪ್ರತಿಸ್ಪರ್ಧಿಯ ಮಾಲು ಮಾರಬಾರದು. ಕಂಪನಿಗೂ ತಮಗೂ ಇರುವ ಸಂಬಂಧ ಏನು, ಅಥವಾ ಸಂಬಂಧವೇ ಇಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಆ ಹೆಸರಿನ ಡೊಮೇನ್‌ಗಳನ್ನೆಲ್ಲ ಬಾಚಿಕೊಂಡು ಕಂಪನಿಗೇ ಜಾಗ ಇಲ್ಲದಂತೆ ಮಾಡಬಾರದು. ಅಧಿಕೃತರಲ್ಲದ ಮಾರಾಟಗಾರರಿಗೂ, ರಿಪೇರಿ ಸೇವೆಗಳಿಗೂ ಇದೇ ಅಳತೆಯನ್ನು ನಂತರದ ಪ್ರಕರಣಗಳಲ್ಲಿ ಬಳಸಿದ್ದಾರೆ.

ಅಂಗಡಿಯಲ್ಲಿ ಇನ್ನೊಂದು ಕಂಪನಿಯ ಬಿಡಿಭಾಗ ಇಟ್ಟ ಕೂಡಲೇ ಎರಡನೆಯ ಷರತ್ತು ಮುರಿಯಿತು. ಇದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ವ್ಯಾಪಾರ ಬೆಳೆದಂತೆ ಬೇರೆ ಬ್ರ್ಯಾಂಡ್ ಸೇರಿಸುವುದು ಸಹಜ. ಮೊದಲ ದಿನ ಸರಿಯಾಗಿಯೇ ಇದ್ದ ಡೊಮೇನ್ ಹೀಗೆ ಮುಂದೆ ಅಪಾಯಕ್ಕೆ ಸಿಕ್ಕಿಕೊಳ್ಳುತ್ತದೆ.

ಕೋರ್ಟುಗಳು ಕೆಲವೊಮ್ಮೆ ಇನ್ನೂ ಉದಾರವಾಗಿ ನೋಡಿವೆ. ಲೆಕ್ಸಸ್ ಕಾರು ಕೊಡಿಸುವ ದಲ್ಲಾಳಿ ದಂಪತಿ ‘ಬೈ-ಎ-ಲೆಕ್ಸಸ್’ ಎಂಬ ಡೊಮೇನ್ ಇಟ್ಟುಕೊಂಡಿದ್ದರು. ಲೆಕ್ಸಸ್‌ನ ಮಾಲೀಕ ಕಂಪನಿ ಟೊಯೋಟಾ ಅವರ ಮೇಲೆ ಕೇಸು ಹಾಕಿತು. 2010ರಲ್ಲಿ ಅಮೆರಿಕದ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ದಂಪತಿಯ ಕಡೆಗೆ ವಾಲಿತು. ಆ ಹೆಸರು ಅವರ ಕೆಲಸವನ್ನು ಸತ್ಯವಾಗಿಯೇ ಹೇಳುತ್ತದೆ, ಕೊಳ್ಳುವವರು ಅಷ್ಟು ದಡ್ಡರಲ್ಲ ಎಂಬುದು ಅದರ ಧೋರಣೆ. ಜೊತೆಗೆ, ಬರೀ ಬ್ರ್ಯಾಂಡ್ ಹೆಸರೇ ಡೊಮೇನ್ ಆಗಿದ್ದರೆ ಅಥವಾ ‘ಅಧಿಕೃತ’ ಎನ್ನುವಂಥ ಪದ ಸೇರಿದ್ದರೆ ಮಾತು ಬೇರೆ ಎಂದೂ ಅದು ಹೇಳಿತು.

ನನ್ನ ಪ್ರಕಾರ ಆ ತೀರ್ಪು ನ್ಯಾಯವಾದದ್ದು. ಭಾಷೆಯಲ್ಲಿ ಬಳಕೆಯಲ್ಲಿರುವ ಒಂದು ಹೆಸರನ್ನು ಯಾರೂ ಎಲ್ಲೂ ಉಚ್ಚರಿಸಬಾರದು ಎನ್ನಲು ಯಾವ ಕಂಪನಿಗೂ ಹಕ್ಕಿಲ್ಲ. ಆದರೆ ಅದನ್ನು ನಂಬಿಕೊಂಡು ಹೊಸದಾಗಿ ಡೊಮೇನ್ ಕೊಳ್ಳಿ ಎಂದು ಮಾತ್ರ ನಾನು ಹೇಳಲಾರೆ. ಟೊಯೋಟಾದಂಥ ಕಂಪನಿಯ ಎದುರು ಮೇಲ್ಮನವಿ ನ್ಯಾಯಾಲಯದವರೆಗೆ ಹೋಗುವ ಶಕ್ತಿ ಎಷ್ಟು ಜನರಿಗಿದೆ?

ಯಾವ ಪದ ಸೇರಿಸುತ್ತೀರಿ ಎಂಬುದರಿಂದಲೂ ವ್ಯತ್ಯಾಸ ಆಗುತ್ತದೆ. ‘ಸಪೋರ್ಟ್’, ‘ಲಾಗಿನ್’, ‘ಶಾಪ್’, ‘ಆನ್‌ಲೈನ್’ ಅಥವಾ ಒಂದು ದೇಶದ ಹೆಸರು ಸೇರಿಸಿದರೆ ಅದು ಕಂಪನಿಯದೇ ಸೈಟು ಅನ್ನಿಸುತ್ತದೆ. ‘ಸೆಕೆಂಡ್‌ಹ್ಯಾಂಡ್’, ‘ಫ್ಯಾನ್ಸ್’ ಅಂಥವುಗಳಲ್ಲಿ ಆ ಅಪಾಯ ಸ್ವಲ್ಪ ಕಡಿಮೆ. ಪುಟದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ನಮಗೂ ಆ ಕಂಪನಿಗೂ ಸಂಬಂಧವಿಲ್ಲ’ ಎಂದು ಬರೆದರೆ ಎಲ್ಲ ಸರಿಹೋಗುವುದಿಲ್ಲ. ಹೆಸರು ನೋಡಿ ಕ್ಲಿಕ್ ಮಾಡಿದ ಕ್ಷಣದಲ್ಲೇ ಗೊಂದಲ ಆಗಿಹೋಗಿದೆ ಎಂದು ತೀರ್ಪುಗಾರರು ಹೇಳಬಹುದು.

ಕೆಲವು ಸಂಸ್ಥೆಗಳು ತಮ್ಮ ಹೆಸರನ್ನು ಹೇಗೆ ಬಳಸಬಹುದು ಎಂದು ತಾವೇ ಬರೆದಿಟ್ಟಿರುತ್ತವೆ. ವೆಬ್‌ಸೈಟ್ ಕಟ್ಟಲು ಬಳಸುವ ವರ್ಡ್‌ಪ್ರೆಸ್ ಒಳ್ಳೆಯ ಉದಾಹರಣೆ. ಆ ಸಾಫ್ಟ್‌ವೇರ್ ಮುಕ್ತ. ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು, ಅದರ ಮೇಲೆ ವ್ಯಾಪಾರವನ್ನೂ ಕಟ್ಟಬಹುದು. ಆದರೆ ಹೆಸರು ಮುಕ್ತ ಅಲ್ಲ. ‘ವರ್ಡ್‌ಪ್ರೆಸ್’ ಎಂಬ ಪೂರ್ತಿ ಪದವನ್ನು ಡೊಮೇನ್‌ನಲ್ಲಿ ಬಳಸಬೇಡಿ ಎಂದು ವರ್ಡ್‌ಪ್ರೆಸ್ ಫೌಂಡೇಶನ್ ಸ್ಪಷ್ಟವಾಗಿ ಹೇಳುತ್ತದೆ. ಆ ಕ್ಷೇತ್ರದ ಎಷ್ಟೋ ಸೈಟುಗಳ ಹೆಸರಿನಲ್ಲಿ ‘ಡಬ್ಲ್ಯುಪಿ’ ಎಂದಷ್ಟೇ ಇರುವುದು ಅದಕ್ಕೇ. ಬೇರೆ ಮುಕ್ತ ಸಾಫ್ಟ್‌ವೇರ್‌ಗಳ ಬಗ್ಗೆ ಬರೆಯುವವರೂ ಇದನ್ನು ಗಮನಿಸಬೇಕು. ಕೋಡ್‌ನ ಲೈಸೆನ್ಸ್ ಹೆಸರಿನ ಮೇಲೆ ಹಕ್ಕು ಕೊಡುವುದಿಲ್ಲ.

ಟೀಕೆ ಮಾಡುವ ಸೈಟುಗಳಿಗೆ ಮಾತಿನ ಸ್ವಾತಂತ್ರ್ಯದ ಬಲ ಇದೆ. ಆದರೂ ಡೊಮೇನ್ ಬರೀ ಬ್ರ್ಯಾಂಡ್ ಹೆಸರೇ ಆಗಿದ್ದರೆ ಸೋಲುವ ಸಾಧ್ಯತೆ ಹೆಚ್ಚು. ಟೀಕೆ ಎಂಬುದು ಹೆಸರಿನಲ್ಲೇ ಗೊತ್ತಾಗುವಂತಿದ್ದು, ಸೈಟಿನಲ್ಲಿ ವ್ಯಾಪಾರ ಇಲ್ಲದಿದ್ದರೆ ವಾದ ಗಟ್ಟಿಯಾಗುತ್ತದೆ.

ಸ್ವಂತ ಹೆಸರೇ ಬ್ರ್ಯಾಂಡ್ ಆಗಿದ್ದರೆ

ಉಜಿ ನಿಸ್ಸಾನ್ ಎಂಬುವರು ಅಮೆರಿಕದಲ್ಲಿ ನಿಸ್ಸಾನ್ ಕಂಪ್ಯೂಟರ್ ಎಂಬ ಸಣ್ಣ ಕಂಪನಿ ನಡೆಸುತ್ತಿದ್ದರು. ನಿಸ್ಸಾನ್ ಅವರ ಮನೆತನದ ಹೆಸರು. 1994ರಲ್ಲಿ ನಿಸ್ಸಾನ್.ಕಾಮ್ ಕೊಂಡರು. 1999ರಲ್ಲಿ ಕಾರು ಕಂಪನಿ ಅವರ ಮೇಲೆ 10 ಮಿಲಿಯನ್ ಡಾಲರ್ ಕೇಳಿ ಕೇಸು ಹಾಕಿತು. ವರ್ಷಗಟ್ಟಲೆ ಹೋರಾಡಿ ಅವರು ಡೊಮೇನ್ ಉಳಿಸಿಕೊಂಡರು. ಆದರೆ ಅಷ್ಟರಲ್ಲಿ ಹೋದ ಹಣ, ಹೋದ ವ್ಯಾಪಾರ, ಹೋದ ವಯಸ್ಸು ವಾಪಸ್ ಬರಲಿಲ್ಲ. ಕಾನೂನು ನಮ್ಮ ಕಡೆ ಇದೆ ಎನ್ನುವವರು ಈ ಪ್ರಕರಣವನ್ನು ಪೂರ್ತಿ ಓದಬೇಕು.

ನಿಘಂಟಿನ ಸಾಮಾನ್ಯ ಪದಗಳಾದರೆ ಬೇರೆಯವರಿಗೂ ಜಾಗ ಇರುತ್ತದೆ. 2000ದಲ್ಲಿ ಗಾಯಕ ಸ್ಟಿಂಗ್ ತಮ್ಮ ಹೆಸರಿನ ಡೊಮೇನ್‌ಗಾಗಿ ಕೊಟ್ಟ ದೂರು ಬಿದ್ದುಹೋಯಿತು. ಅದು ಇಂಗ್ಲಿಷಿನ ಸಾಮಾನ್ಯ ಪದವೂ ಹೌದು ಎಂಬುದು ಒಂದು ಕಾರಣ. ಅದೇ ವರ್ಷ ನಟಿ ಜೂಲಿಯಾ ರಾಬರ್ಟ್ಸ್ ತಮ್ಮ ಹೆಸರಿನ ಡೊಮೇನ್ ಗೆದ್ದುಕೊಂಡರು.

ತಾರೀಖು ಕೂಡ ಮುಖ್ಯ. ಬ್ರ್ಯಾಂಡ್ ಹುಟ್ಟುವ ಮೊದಲೇ ನೀವು ಡೊಮೇನ್ ಕೊಂಡಿದ್ದರೆ ಸಾಮಾನ್ಯವಾಗಿ ದುರುದ್ದೇಶ ಹೊರಿಸಲು ಆಗುವುದಿಲ್ಲ. ಪ್ರತಿ ವರ್ಷದ ನವೀಕರಣದಿಂದ ಆ ತಾರೀಖು ಬದಲಾಗುವುದಿಲ್ಲ. ಆದರೆ ಹಳೆಯ ಡೊಮೇನ್ ಅನ್ನು ಬೇರೆಯವರಿಂದ ಇಂದು ಕೊಂಡರೆ ನಿಮ್ಮ ಲೆಕ್ಕ ಶುರುವಾಗುವುದು ಇಂದಿನಿಂದ. ‘ಇಪ್ಪತ್ತು ವರ್ಷ ಹಳೆಯ ಡೊಮೇನ್’ ಎಂದು ಮಾರುವವರು ಇದನ್ನು ಹೇಳುವುದಿಲ್ಲ.

ಏನೇನು ಹೋಗಬಹುದು

ಯುಡಿಆರ್‌ಪಿಯಲ್ಲಿ ದಂಡ ಇಲ್ಲ. ಸೋತರೆ ಡೊಮೇನ್ ಕಂಪನಿಗೆ ಹೋಗುತ್ತದೆ ಅಥವಾ ರದ್ದಾಗುತ್ತದೆ, ಅಷ್ಟೇ. ವೈಪೋಗೆ ಹೋದರೆ ಐದರವರೆಗಿನ ಡೊಮೇನ್‌ಗಳಿಗೆ, ಒಬ್ಬರೇ ತೀರ್ಪುಗಾರರಿದ್ದರೆ, ಶುಲ್ಕ 1,500 ಡಾಲರ್. ಅದನ್ನೂ ದೂರು ಕೊಟ್ಟ ಕಂಪನಿಯೇ ಕಟ್ಟುತ್ತದೆ. ದೊಡ್ಡ ಕಂಪನಿಗೆ ಅದು ಲೆಕ್ಕಕ್ಕೇ ಇಲ್ಲದ ಮೊತ್ತ. ಹಾಗಾಗಿ ‘ನನ್ನಂಥ ಸಣ್ಣವರ ಹಿಂದೆ ಯಾಕೆ ಬೀಳುತ್ತಾರೆ’ ಎಂದು ನಂಬಿ ಕೂರಬಾರದು.

ಕೋರ್ಟಿನ ಲೆಕ್ಕ ಬೇರೆ. ಅಮೆರಿಕದ 1999ರ ಕಾನೂನಿನಲ್ಲಿ ಒಂದೊಂದು ಡೊಮೇನ್‌ಗೂ 1,000ದಿಂದ 1,00,000 ಡಾಲರ್ ತನಕ ಪರಿಹಾರ ವಿಧಿಸಬಹುದು. 2008ರಲ್ಲಿ ವೆರಿಝೋನ್ ಕಂಪನಿಗೆ ಸಂಬಂಧಿಸಿದ 663 ಡೊಮೇನ್‌ಗಳ ಪ್ರಕರಣದಲ್ಲಿ ಆನ್‌ಲೈನ್‌ಎನ್‌ಐಸಿ ಎಂಬ ರಿಜಿಸ್ಟ್ರಾರ್ ವಿರುದ್ಧ, ತಲಾ 50,000 ಡಾಲರ್‌ನಂತೆ, ಒಟ್ಟು 33.15 ಮಿಲಿಯನ್ ಡಾಲರ್ ತೀರ್ಪು ಬಂತು. ನೀವು ಅಮೆರಿಕದಲ್ಲಿ ಇಲ್ಲದಿದ್ದರೂ ಕಾಮ್ ಡೊಮೇನ್ ಅಲ್ಲಿನ ಕೈಗೆ ಸಿಗುತ್ತದೆ. ಕಾಮ್ ವ್ಯವಸ್ಥೆ ನಡೆಸುವ ವೆರಿಸೈನ್ ಇರುವುದು ವರ್ಜೀನಿಯಾದಲ್ಲಿ. ಮಾಲೀಕರ ಮೇಲೆ ಅಧಿಕಾರ ಇಲ್ಲದಿದ್ದರೆ ಡೊಮೇನ್‌ನ ಮೇಲೆಯೇ ಕೇಸು ಹಾಕಲು ಆ ಕಾನೂನು ಬಿಡುತ್ತದೆ.

ದೇಶದ ಕೋಡ್ ಇರುವ ಡೊಮೇನ್‌ಗಳಿಗೆ ಅವುಗಳದೇ ನಿಯಮ. ಭಾರತದ ‘ಇನ್’ ಡೊಮೇನ್‌ಗೆ ಐಎನ್‌ಡಿಆರ್‌ಪಿ ಎಂಬ ವ್ಯಾಜ್ಯ ನಿಯಮ ಇದೆ. ಅಲ್ಲಿ ದುರುದ್ದೇಶ ನೋಂದಣಿಯಲ್ಲಿದ್ದರೂ ಸಾಕು, ಬಳಕೆಯಲ್ಲಿದ್ದರೂ ಸಾಕು. ಎರಡೂ ಬೇಕು ಎನ್ನುವ ಯುಡಿಆರ್‌ಪಿಗಿಂತ ಇದು ಬಿಗಿ. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನಂಥ ರಕ್ಷಣೆ ಸಿಗುತ್ತದೆ ಎಂದು ಭಾರತದ ಸುಪ್ರೀಂ ಕೋರ್ಟ್ 2004ರಲ್ಲೇ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಹೇಳಿದೆ.

ನೋಟಿಸ್ ಬಂದಾಗ

ಮೊದಲ ಪತ್ರ ಬಂದಾಗ ಜನ ಹೆಚ್ಚಾಗಿ ಎಡವುವುದು ಬೆಲೆಯ ವಿಷಯದಲ್ಲಿ. ಕೆನಡಾದ 17 ವರ್ಷದ ವಿದ್ಯಾರ್ಥಿ ಮೈಕ್ ರೋ 2003ರಲ್ಲಿ ತನ್ನ ಹೆಸರಿಗೆ ‘ಸಾಫ್ಟ್’ ಸೇರಿಸಿ ಡೊಮೇನ್ ಮಾಡಿಕೊಂಡ. ಓದಿದರೆ ಮೈಕ್ರೋಸಾಫ್ಟ್ ಎಂದೇ ಕೇಳಿಸುತ್ತದೆ. ಕಂಪನಿಯ ವಕೀಲರು ಡೊಮೇನ್ ಬಿಟ್ಟುಕೊಡಲು 10 ಡಾಲರ್ ಕೊಡುತ್ತೇವೆ ಎಂದರು. ಅವನು 10,000 ಕೇಳಿದ. ಆ ಉತ್ತರವೇ ದುರುದ್ದೇಶಕ್ಕೆ ಸಾಕ್ಷಿಯಾಗಿ ಅವನ ವಿರುದ್ಧ ತಿರುಗಿತು. ಸಾರ್ವಜನಿಕರ ಬೆಂಬಲ ಇದ್ದುದರಿಂದ 2004ರಲ್ಲಿ ಕಂಪನಿ ಮೆತ್ತಗಾಗಿ ರಾಜಿ ಮಾಡಿಕೊಂಡಿತು. ಎಲ್ಲರಿಗೂ ಹಾಗೆ ಆಗುವುದಿಲ್ಲ. ಕಂಪನಿಯೇ ‘ಎಷ್ಟು ಬೇಕು’ ಎಂದು ಕೇಳಿದರೂ ವಕೀಲರ ಸಲಹೆ ಇಲ್ಲದೆ ಅಂಕಿ ಬರೆಯಬೇಡಿ.

ಸುಮ್ಮನಿರುವುದೂ ತಪ್ಪು. ದೂರು ಶುರುವಾದ ದಿನದಿಂದ ಉತ್ತರ ಕೊಡಲು 20 ದಿನ ಸಿಗುತ್ತದೆ. ಈ ನಡುವೆ ಡೊಮೇನ್ ಲಾಕ್ ಆಗಿರುತ್ತದೆ, ಬೇರೆಯವರಿಗೆ ವರ್ಗಾಯಿಸಲು ಆಗುವುದಿಲ್ಲ. ಗುರುತು ಮರೆಸುವ ಪ್ರೈವಸಿ ಸೇವೆ ತೆಗೆದುಕೊಂಡಿದ್ದರೂ ದೂರು ಬಂದಾಗ ರಿಜಿಸ್ಟ್ರಾರ್ ನಿಮ್ಮ ವಿವರ ಕೊಡುತ್ತದೆ. ಉತ್ತರವನ್ನೇ ಕೊಡದಿದ್ದರೆ ಕಂಪನಿ ಹೇಳಿದ್ದನ್ನಷ್ಟೇ ನೋಡಿ ತೀರ್ಪು ಬರುತ್ತದೆ. ಸೋತರೂ ತೀರ್ಪು ಜಾರಿಯಾಗುವ ಮುನ್ನ ಕೋರ್ಟಿಗೆ ಹೋಗಲು 10 ಕೆಲಸದ ದಿನಗಳ ಅವಕಾಶ ಇದೆ.

ಕಂಪನಿಗಳು ಯಾವಾಗಲೂ ಸರಿ ಎಂದೇನಿಲ್ಲ. ಸಾಮಾನ್ಯ ಪದದ ಬೆಲೆಬಾಳುವ ಡೊಮೇನ್ ಕಿತ್ತುಕೊಳ್ಳಲು ಸುಳ್ಳು ದೂರು ಕೊಟ್ಟವರೂ ಇದ್ದಾರೆ. ಅಂಥ ದೂರನ್ನು ‘ತಿರುಗು ಕಬಳಿಕೆ’ ಎಂದು ತೀರ್ಪುಗಾರರು ಬಹಿರಂಗವಾಗಿ ಘೋಷಿಸಬಹುದು. ಆದರೆ ಅದಕ್ಕೂ ದಂಡ ಇಲ್ಲ. ನಿಮ್ಮ ವಕೀಲರ ಖರ್ಚು ವಾಪಸ್ ಬರುವುದಿಲ್ಲ. ಈ ವ್ಯವಸ್ಥೆಯಲ್ಲಿ ನನಗೆ ಅನ್ಯಾಯ ಅನ್ನಿಸುವುದು ಇದೇ. ಸುಳ್ಳು ದೂರು ಕೊಟ್ಟ ದೊಡ್ಡವರಿಗೆ ಆಗುವ ನಷ್ಟ ಬಹಳ ಸಣ್ಣದು.

ಇನ್ನೂ ಡೊಮೇನ್ ಕೊಳ್ಳದವರಿಗೆ ದಾರಿ ಸುಲಭ. ನಿಮ್ಮದೇ ಒಂದು ಹೆಸರು ಹುಡುಕಿ. ವೈಪೋದ ಬ್ರ್ಯಾಂಡ್ ಡೇಟಾಬೇಸ್‌ನಲ್ಲೂ, ನಿಮ್ಮ ದೇಶದ ಟ್ರೇಡ್‌ಮಾರ್ಕ್ ಕಚೇರಿಯ ಹುಡುಕಾಟದಲ್ಲೂ ಅದನ್ನು ಹಾಕಿ ನೋಡಿ. ಎರಡೂ ಉಚಿತವಾಗಿ ಸಿಗುತ್ತವೆ. ಬ್ರ್ಯಾಂಡ್ ಹೆಸರು ಬೇಕೇ ಬೇಕು ಅಂದರೆ ಪುಟದ ಶೀರ್ಷಿಕೆಯಲ್ಲಿ, ಬರಹದೊಳಗೆ, ಡೊಮೇನ್ ಆದಮೇಲೆ ಗೆರೆ ಹಾಕಿ ಬರುವ ಪುಟದ ವಿಳಾಸದಲ್ಲಿ ಬಳಸಿ. ಆ ಜಾಗದಲ್ಲಿ ಅದು ವಿಷಯ ಏನು ಎಂದು ಹೇಳುತ್ತದೆಯೇ ಹೊರತು ಸೈಟ್ ಯಾರದು ಎಂದು ಹೇಳುವುದಿಲ್ಲ. ಯುಡಿಆರ್‌ಪಿ ಅನ್ವಯಿಸುವುದೂ ಡೊಮೇನ್ ಹೆಸರಿಗಷ್ಟೇ, ಅದರ ನಂತರ ಬರುವ ಪುಟದ ವಿಳಾಸಕ್ಕೆ ಅಲ್ಲ.

ಈಗಾಗಲೇ ಅಂಥ ಡೊಮೇನ್‌ನಲ್ಲಿ ಸೈಟ್ ನಡೆಸುತ್ತಿರುವವರು ನೋಟಿಸ್ ಬರುವ ತನಕ ಕಾಯುವುದು ಬೇಡ. ಹೊಸ ಹೆಸರಿಗೆ ಹೋಗಿ, ಹಳೆಯ ವಿಳಾಸಕ್ಕೆ ಬಂದವರನ್ನು ಅಲ್ಲಿಗೆ ಕಳುಹಿಸುವ ರೀಡೈರೆಕ್ಟ್ ಹಾಕಿ, ಇಮೇಲ್ ವಿಳಾಸಗಳನ್ನೂ ಬದಲಿಸಿಕೊಳ್ಳಿ. ಹಾಗೆ ಕಳುಹಿಸುವುದೂ ಬ್ರ್ಯಾಂಡ್ ಹೆಸರಿನ ಬಳಕೆಯೇ ಆಗುವುದರಿಂದ ಅದನ್ನು ಶಾಶ್ವತವಾಗಿ ಇಟ್ಟುಕೊಳ್ಳಲು ಆಗುವುದಿಲ್ಲ. ನೋಟಿಸ್ ಬಂದೇಬಿಟ್ಟಿದ್ದರೆ, ಡೊಮೇನ್ ಬಿಟ್ಟುಕೊಡಲು ಒಪ್ಪಿ, ಅದರ ಬದಲಿಗೆ ಕೆಲವು ತಿಂಗಳು ಆ ರೀಡೈರೆಕ್ಟ್ ಮುಂದುವರಿಸಲು ಕಂಪನಿಯ ಬಳಿ ಲಿಖಿತವಾಗಿ ಕೇಳಿ. ದುಡ್ಡು ಕೇಳಿದಾಗ ಕೆರಳುವ ವಕೀಲರು ಸಮಯ ಕೇಳಿದಾಗ ಒಪ್ಪುವ ಸಾಧ್ಯತೆ ಜಾಸ್ತಿ.